ಗಿಟಾರಿಗೂ ಉಂಟು ಮಾತ್ರೆಯ ಲೆಕ್ಕ

ಬೀದರ, ಭಾಲ್ಕಿ, ಔರಾದ ಎಲ್ಲಿಯೇ ಇರಲಿ, ಗಿಟಾರ್ ಹಿಡಿದ ಹುಡುಗರು ಮೊದಲು ಕಲಿಯಬಯಸುವುದು ‘ರಿಫ್’. ರಿಫ್ ಎಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಕಿರಿದಾದ ಸ್ವರಪುಂಜ. ಸ್ವರಗಳೇನೋ ಬೇಗ ಕೈವಶವಾಗುತ್ತವೆ, ತಪ್ಪುವುದು ಕಾಲ. ಕಾರಣವೇನು? ಸ್ವರಗಳ ನಡುವಣ ಬಿಡುವನ್ನು ಅವರು ಎಣಿಸುವುದಿಲ್ಲ.

ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ (1972) ಹಾಡನ್ನೇ ನೋಡಿರಿ. ಅದರ ರಿಫ್ ರಿಚೀ ಬ್ಲ್ಯಾಕ್‌ಮೋರ್ ಅವರದು. ನಾಲ್ಕು ಪೆಟ್ಟಿನ ತಾಳದಲ್ಲಿ ಪೆಟ್ಟಿಗೆ ಎರಡು ಮಾತ್ರೆಯಂತೆ ಎಣಿಸಿದರೆ ಎರಡು ಆವರ್ತಕ್ಕೆ 16 ಮಾತ್ರೆ. ಮೊದಲ ಏಳು ಮೀಟುಗಳಿಗೆ ಸಲ್ಲುವ ಮಾತ್ರೆಗಳು ಹೀಗಿವೆ: 2, 2, 3, 2, 2, 1, 4. ಮೊದಲ ಮೂರು ಮೀಟುಗಳು ಪೆಟ್ಟಿನ ಮೇಲೆಯೇ ಬೀಳುತ್ತವೆ. ಮುಂದಿನ ಮೂರು ಪೆಟ್ಟುಗಳ ನಡುವೆ ಬೀಳುತ್ತವೆ. ಏಳನೆಯದು ಮತ್ತೆ ಪೆಟ್ಟನ್ನು ಕೂಡುತ್ತದೆ. ಅಲ್ಲಿನ 3ನ್ನು ಅವಸರದಿಂದ 2 ಮಾಡಿದರೆ ಗಿಟಾರ್ ಒಂದು ಮಾತ್ರೆ ಮುಂದೋಡಿ, ಡ್ರಮ್ಮು ಹಿಂದುಳಿಯುತ್ತದೆ.

ಭಾಮಿನಿ ಷಟ್ಪದಿಯ 3, 4ರ ನಡೆಯನ್ನು ಬೆರಳಲ್ಲಿ ಎಣಿಸಿದವರಿಗೆ ಇದು ಹೊಸತಲ್ಲ. ಭಜನೆಯಲ್ಲಿ ಹಾಡುವವನು ಉಸಿರೆಳೆದುಕೊಂಡರೂ ತಾಳ ನಿಲ್ಲುವುದುಂಟೇ?

ಸಾಧನೆಯ ಕ್ರಮ ಇಷ್ಟೆ. ಗಿಟಾರನ್ನು ಕೆಳಗಿಟ್ಟು, ಕಾಲಿನಿಂದ ಪೆಟ್ಟು ಹಾಕುತ್ತ, ಮೀಟು ಬೀಳುವಲ್ಲಿ ಚಪ್ಪಾಳೆ ತಟ್ಟಿರಿ. ಬಳಿಕ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ನುಡಿಸಿರಿ. ಹತ್ತು ಬಾರಿ ತಪ್ಪದೆ ಬಂದರೆ ಐದು ಪೆಟ್ಟು ಏರಿಸಿರಿ. ಮೂಲ ಹಾಡಿನ ವೇಗ ಸುಮಾರು 112.

ಒಬ್ಬನೇ ನುಡಿಸುವಾಗ ಕಾಲ ತಪ್ಪಿದ್ದು ತನಗೇ ತಿಳಿಯದು. ಆದುದರಿಂದ ಮನೆಯ ಹಿರಿಯರು ಗದ್ದಲವೆಂದು ಗದರದೆ, ಪಕ್ಕದಲ್ಲಿ ಕುಳಿತು ತಾಳ ಹಾಕಿಕೊಡಿರಿ. ಇತರರೊಡನೆ ಕೂಡಿ ನುಡಿಸಬಲ್ಲವನಾಗಲು ಅವನಿಗೆ ಬೇಕಾದ ಮೊದಲ ಜೊತೆ ಅದೇ.