‘ಎಂಥೂಸಿಯಾಸಂ’: ಆವೇಶದಿಂದ ಉತ್ಸಾಹದವರೆಗೆ

ಇಂಗ್ಲಿಷಿನ ‘ಎಂಥೂಸಿಯಾಸಂ’ ಪದಕ್ಕೆ ಕನ್ನಡದಲ್ಲಿ ‘ಉತ್ಸಾಹ’ ಎಂಬುದು ರೂಢಿಯ ಸಮಾನಪದ. ಇಂದಿನ ಬಳಕೆಗೆ ಅದು ಸರಿಹೊಂದುತ್ತದೆ. ಆದರೆ ಹಳೆಯ ಪಠ್ಯಗಳ ಅನುವಾದದಲ್ಲಿ ಅದು ಲೇಖಕನ ಆಶಯವನ್ನೇ ಮರೆಮಾಡಬಹುದು.

ಪದದ ಮೂಲ ಗ್ರೀಕಿನ ‘ಎಂಥೂಸಿಯಾಸ್ಮೊಸ್’. ‘ಎನ್’ ಎಂದರೆ ಒಳಗೆ, ‘ಥಿಯೊಸ್’ ಎಂದರೆ ದೇವರು. ಇವೆರಡೂ ಸೇರಿದ ‘ಎಂಥಿಯೊಸ್’ ದೈವವು ಒಳಹೊಕ್ಕ ಸ್ಥಿತಿಯನ್ನು ಸೂಚಿಸುತ್ತದೆ. ಕಾವ್ಯ ಹುಟ್ಟುವುದು ಕೌಶಲದಿಂದಲ್ಲ, ಇಂತಹ ಸ್ಥಿತಿಯಿಂದ ಎಂಬ ವಾದ ಪ್ಲೇಟೋನ ‘ಅಯಾನ್’ ಸಂವಾದದಲ್ಲಿದೆ.

17ನೆಯ ಶತಮಾನದ ಇಂಗ್ಲೆಂಡಿನ ಮತೀಯ ಕಲಹಗಳಲ್ಲಿ ಪದಕ್ಕೆ ನಿಂದಾರ್ಥ ಅಂಟಿತು. ದೇವರು ತನಗೆ ನೇರವಾಗಿ ನುಡಿಯುತ್ತಾನೆಂಬ ಭ್ರಮೆಗೆ ಅದು ಹೆಸರಾಯಿತು. ಜಾನ್ ಲಾಕ್ ಮಾನವ ಗ್ರಹಿಕೆಯನ್ನು ಕುರಿತ ತನ್ನ ಪ್ರಬಂಧದ 1700ರ ಆವೃತ್ತಿಗೆ ಹೊಸ ಅಧ್ಯಾಯವೊಂದನ್ನು ಸೇರಿಸಿ, ವಿವೇಚನೆಯನ್ನು ಬದಿಗೊತ್ತುವ ಈ ನಂಬಿಕೆಯನ್ನು ಖಂಡಿಸಿದನು. ಸ್ಯಾಮ್ಯುಯೆಲ್ ಜಾನ್ಸನ್‌ನ 1755ರ ನಿಘಂಟು ಮೊದಲಿಗೆ ಕೊಡುವುದೂ ಇದೇ ಅರ್ಥವನ್ನು. ದೈವದ ಅಂಶ ಕಳಚಿದ ‘ತೀವ್ರ ಆಸಕ್ತಿ’ ಎಂಬ ಅರ್ಥ 18ನೆಯ ಶತಮಾನದಲ್ಲಿ ಕ್ರಮೇಣ ನೆಲೆಗೊಂಡಿತು.

‘ಉತ್ಸಾಹ’ದ ಚರಿತ್ರೆ ಬೇರೆ. ‘ಸಹ್’ ಧಾತುವಿಗೆ ‘ಉತ್’ ಉಪಸರ್ಗ ಸೇರಿ ಆದ ಈ ಪದ ನಾಟ್ಯಶಾಸ್ತ್ರದಲ್ಲಿ ವೀರರಸದ ಸ್ಥಾಯಿಭಾವ. ಅದು ವ್ಯಕ್ತಿಯ ಸ್ವಂತ ಶಕ್ತಿ. ಹೊರಗಿನ ದೈವಕ್ಕೆ ಅಲ್ಲಿ ಎಡೆಯಿಲ್ಲ. ಗ್ರೀಕ್ ಪದಕ್ಕೆ ಹತ್ತಿರವಾದುದು ‘ಆವೇಶ’. ಅದರ ‘ವಿಶ್’ ಧಾತುವಿಗೆ ಒಳಹೊಗು ಎಂದೇ ಅರ್ಥ. ‘ಮೈಮೇಲೆ ದೇವರು ಬರುವುದು’ ಎಂಬ ಆಡುನುಡಿಯ ಅನುಭವವೂ ಅದೇ.

ಆದ್ದರಿಂದ ಲಾಕ್‌ನ ಅಧ್ಯಾಯಕ್ಕೆ ‘ಉತ್ಸಾಹ’ವೆಂದು ಹೆಸರಿಟ್ಟರೆ ಅವನು ಕಾರ್ಯಾಸಕ್ತಿಯ ವಿರೋಧಿಯಾಗಿ ತೋರುತ್ತಾನೆ, ‘ದೈವಾವೇಶ’ವೆಂದರೆ ಅವನ ವಾದ ಸ್ಪಷ್ಟವಾಗುತ್ತದೆ. ಪಠ್ಯದ ಕಾಲವನ್ನು ಗಮನಿಸದೆ ಸಮಾನಪದವನ್ನು ನಿರ್ಧರಿಸಲಾಗದು.