ಸ್ಟಿರಾಯ್ಡ್ ಶುರುವಾದ ಮೇಲೆ ನಿಶ್ಶಕ್ತಿ ಹೆಚ್ಚಿತೇಕೆ?

ಪ್ರಶ್ನೆ: ಅಮ್ಮನಿಗೆ ಮಯಸ್ತೇನಿಯಾ ಗ್ರೇವಿಸ್. ಪಿರಿಡೊಸ್ಟಿಗ್ಮೈನ್ ಮಾತ್ರೆ ಜೊತೆಗೆ ಪ್ರೆಡ್ನಿಸೊಲೋನ್ ಶುರು ಮಾಡಿದ ವಾರಕ್ಕೇ ಕಣ್ಣಿನ ರೆಪ್ಪೆ ಮತ್ತೆ ಜೋತುಬಿದ್ದಿದೆ. ಇವೆರಡೂ ಒಂದಕ್ಕೊಂದು ಆಗಿಬರುವುದಿಲ್ಲವೇ?

ಉತ್ತರ: ಎರಡನ್ನೂ ಒಟ್ಟಿಗೆ ಕೊಡುವುದು ರೂಢಿಯ ಚಿಕಿತ್ಸೆಯೇ. ಆದರೆ ಮೊದಲ ವಾರಗಳಲ್ಲಿ ಎಚ್ಚರ ಬೇಕೇ ಬೇಕು.

ಈ ಕಾಯಿಲೆಯಲ್ಲಿ ನರದ ಸಂದೇಶ ಹಿಡಿಯುವ ಸ್ನಾಯುವಿನ ಗ್ರಾಹಕಗಳ ಮೇಲೆ ದೇಹದ ಪ್ರತಿಕಾಯಗಳೇ ದಾಳಿ ಮಾಡುತ್ತವೆ. ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬೇಗ ನಾಶವಾಗದಂತೆ ಪಿರಿಡೊಸ್ಟಿಗ್ಮೈನ್ ತಡೆಯುತ್ತದೆ. ಅದರ ಗುಣ ಕೆಲವೇ ಗಂಟೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಾಳಿಯನ್ನೇ ತಗ್ಗಿಸುತ್ತದೆ, ಅದಕ್ಕೆ ವಾರಗಳು ಹಿಡಿಯುತ್ತವೆ. ಈ ನಡುವೆ, ಅದರಲ್ಲೂ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದರೆ, 5ರಿಂದ 10ನೇ ದಿನದ ಆಸುಪಾಸಿನಲ್ಲಿ ನಿಶ್ಶಕ್ತಿ ಉಲ್ಬಣಿಸಬಹುದು. ಹಾಗಾಗಿಯೇ ಅನೇಕ ವೈದ್ಯರು ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಿಸುತ್ತಾರೆ. ಕಾಯಿಲೆ ತೀವ್ರವಾಗಿದ್ದರೆ ಆಸ್ಪತ್ರೆಯಲ್ಲಿಟ್ಟುಕೊಂಡೇ ಕೊಡುತ್ತಾರೆ.

ಸ್ಟಿರಾಯ್ಡ್ ರಕ್ತದ ಪೊಟ್ಯಾಸಿಯಂ ಇಳಿಸಬಹುದು, ಅದರಿಂದಲೂ ಸ್ನಾಯು ಸೋಲುತ್ತದೆ.

ನಿಶ್ಶಕ್ತಿ ಎಂದು ಪಿರಿಡೊಸ್ಟಿಗ್ಮೈನನ್ನು ನೀವೇ ಹೆಚ್ಚಿಸಬೇಡಿ. ಮಿತಿಮೀರಿದರೆ ಜೊಲ್ಲು, ಭೇದಿ, ಸ್ನಾಯುಗಳ ಅದುರು, ಕೊನೆಗೆ ಮತ್ತಷ್ಟು ನಿಶ್ಶಕ್ತಿ. ಹೆದರಿ ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಜ್ವರ, ಉರಿಮೂತ್ರ ಎಂದು ಮೆಡಿಕಲ್ ಶಾಪಿನಿಂದ ಕೇಳಿ ತರುವ ಸಿಪ್ರೊಫ್ಲಾಕ್ಸಸಿನ್‌ನಂಥ ಮಾತ್ರೆಯೂ ಈ ಕಾಯಿಲೆಯನ್ನು ಕೆರಳಿಸಬಲ್ಲದು. ಅಮ್ಮನಿಗೆ ಈ ಕಾಯಿಲೆಯಿದೆ ಎಂದು ಪ್ರತಿ ವೈದ್ಯರಿಗೂ ತಿಳಿಸಿ.

ರೆಪ್ಪೆಯ ವಿಷಯವನ್ನು ನರರೋಗ ತಜ್ಞರಿಗೆ ಇಂದೇ ಹೇಳಿ. ನುಂಗಲು ಕಷ್ಟವಾದರೆ, ಮಾತು ತೊದಲಿದರೆ, ಉಸಿರು ಸಾಲದಾದರೆ ಬೆಳಗಾಗಲಿ ಎಂದು ಕಾಯದೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಿರಿ.