ವಾಲ್ವ್ ಗುಂಡಿಯ ಮುಚ್ಚಳ ತೆಗೆದು ನೋಡೋಣ

ಬಾವಿಯ ದಡದಲ್ಲಿ ಪಂಪ್ ಕೂರಿಸಿ ನೀರೆತ್ತುವ ರೈತ ಬಾಂಧವರಿಗೆ ಈ ಕಾಟ ಗೊತ್ತಿದ್ದೇ ಇದೆ. ಫುಟ್‌ವಾಲ್ವ್ ಸರಿಯಾಗಿದೆ, ಪಂಪಿನ ಬಾಯಿಗೆ ಕೊಡಗಟ್ಟಲೆ ನೀರು ಹೊಯ್ದಾಗಿದೆ, ಮೋಟಾರು ತಿರುಗುತ್ತಿದೆ. ಆದರೂ ಡೆಲಿವರಿ ಪೈಪಿನಲ್ಲಿ ಹನಿ ನೀರಿಲ್ಲ. ಇಲ್ಲವೇ ಐದು ನಿಮಿಷ ಬಂದು ನಿಂತುಬಿಡುತ್ತದೆ. ಅನುಭವಿ ಮೆಕ್ಯಾನಿಕ್ ಬಂದರೆ ಮೊದಲು ಪಂಪನ್ನು ಬಿಚ್ಚುವುದಿಲ್ಲ. ಸಕ್ಷನ್ ಪೈಪಿನ ಜೋಡಣೆಗಳ ಮೇಲೆ ಕೈಯಾಡಿಸುತ್ತಾನೆ. ಎರಡು ಪೈಪುಗಳು ಕೂಡುವಲ್ಲಿ ತಟ್ಟೆಯಂತಹ ಎರಡು ಅಂಚುಗಳನ್ನು ಎದುರುಬದುರಾಗಿಟ್ಟು, ನಡುವೆ ರಬ್ಬರ್ ಪ್ಯಾಕಿಂಗ್ ಹಾಕಿ, ಸುತ್ತಲೂ ನಟ್ಟು-ಬೋಲ್ಟು ಬಿಗಿದಿರುತ್ತಾರಲ್ಲವೇ? ಆ ಅಂಚಿಗೇ ಫ್ಲಾಂಜು ಎಂದು ಹೆಸರು. ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಸಾಕು, ಪಂಪು ನೀರಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊರಗೆ ತೊಟ್ಟು ನೀರೂ ಸೋರುವುದಿಲ್ಲವಾದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪಂಪು ಎಳೆಯುತ್ತಿರುವಾಗ ಹೊತ್ತಿಸಿದ ಊದುಬತ್ತಿಯನ್ನು ಜೋಡಣೆಯ ಸುತ್ತ ಆಡಿಸಿ ನೋಡಿ. ಹೊಗೆ ಎಲ್ಲಿ ಒಳಕ್ಕೆ ಸೆಳೆಯುತ್ತದೋ ಅಲ್ಲೇ ಸಂದು ಇದೆ.

ಬೋರ್‌ವೆಲ್ಲಿನೊಳಗೆ ಮುಳುಗಿಯೇ ಕೆಲಸ ಮಾಡುವ ಪಂಪುಗಳು ಬಂದ ಮೇಲೆ ಈ ಕಾಟ ಎಷ್ಟೋ ಕಡಿಮೆಯಾಗಿದೆ. ಆದರೂ ಈ ಮಾತಿನಿಂದಲೇ ನಾವು ಆರಂಭಿಸಲು ಕಾರಣವಿದೆ. ಜೋಡಣೆ ಸಡಿಲವಾದರೆ ಹೊರಗಿನದು ಒಳಗೆ ಹೋಗುತ್ತದೆ ಎಂಬುದನ್ನು ರೈತರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಸಂಗತಿ ಊರಿನ ಕುಡಿಯುವ ನೀರಿನ ಕೊಳವೆಯಲ್ಲಿಯೂ ನಡೆಯುತ್ತದೆ. ಅಲ್ಲಿ ಒಳಗೆ ಹೋಗುವುದು ಬರೀ ಗಾಳಿಯಲ್ಲ, ಗಟಾರದ ನೀರು.

ದಾಳಿಂಬ, ಉಮರಗಾ, ನಿಲಂಗಾ, ಉದಗೀರ ಈ ಭಾಗದಲ್ಲಿ ನಲ್ಲಿಗೆ ಹಗಲಿರುಳು ನೀರು ಬರುವುದು ಕನಸಿನ ಮಾತು. ಸರದಿಯ ಮೇಲೆ ನೀರು ಬಿಡುತ್ತಾರೆ. ಬೇಸಿಗೆಯಲ್ಲಿ ಸರದಿ ಇನ್ನೂ ದೂರವಾಗುತ್ತದೆ. ಟ್ಯಾಂಕಿನ ವಾಲ್ವ್ ಮುಚ್ಚಿದಾಗ ಕೊಳವೆಯಲ್ಲಿ ಉಳಿದ ನೀರು ಏನಾಗುತ್ತದೆ? ತಗ್ಗಿನ ಓಣಿಯ ನಲ್ಲಿಗಳ ಮೂಲಕ ಹರಿದುಹೋಗುತ್ತದೆ. ಆಗ ದಿಬ್ಬದ ಮೇಲಿನ ಕೊಳವೆ ಬರಿದಾಗಿ, ಬಾವಿಯ ಸಕ್ಷನ್ ಪೈಪಿನಂತೆಯೇ ಎಳೆಯತೊಡಗುತ್ತದೆ. ಯಾರಾದರೂ ನಲ್ಲಿಗೆ ನೇರವಾಗಿ ಮೋಟಾರು ಹಚ್ಚಿದ್ದರೆ ಈ ಎಳೆತ ಇನ್ನೂ ಜೋರು. ನೀರು ಬಿಟ್ಟಾಗ ಹೊರಕ್ಕೆ ಸೋರುವ ಜೋಡಣೆಯೇ ನೀರು ನಿಂತಾಗ ಹೊರಗಿನ ಕೊಳೆಯನ್ನು ಒಳಕ್ಕೆ ಕುಡಿಯುತ್ತದೆ. ಮರುಸರದಿಯ ಮೊದಲ ಕೊಡದಲ್ಲಿ ಆ ಕೊಳೆಯೇ ನಮ್ಮ ಅಡುಗೆಮನೆ ಸೇರುತ್ತದೆ.

ಈ ಭಾಗದ ಒಂದು ಊರಿನಲ್ಲಿ (ಹೆಸರು ಹೇಳುವುದು ಬೇಡ) ನಾವು ವಾಲ್ವ್ ಗುಂಡಿಯ ಮುಚ್ಚಳ ತೆಗೆಸಿ ನೋಡಿದೆವು. ಮುಚ್ಚಳವೆಂದರೆ ಒಂದು ಒಡೆದ ಶಹಾಬಾದಿ ಕಲ್ಲು. ಗುಂಡಿಯಲ್ಲಿ ಮೊಳಕಾಲುದ್ದ ಕಪ್ಪು ನೀರು. ಎರಡು ಮಾರು ದೂರದಲ್ಲಿ ತೆರೆದ ಗಟಾರ. ನೀರು ಬಿಡುವ ಹಿರಿಯರು ಬಕೆಟ್ಟಿನಿಂದ ನೀರು ಎತ್ತಿ ಹಾಕಿದ ಮೇಲೆ ನಾಲ್ಕಿಂಚಿನ ಫ್ಲಾಂಜು ಕಾಣಿಸಿತು. ಎಂಟು ತೂತುಗಳಲ್ಲಿ ಐದಕ್ಕೆ ಮಾತ್ರ ಬೋಲ್ಟು. ಪ್ಯಾಕಿಂಗ್ ಎಂದು ಹಾಕಿದ್ದು ಟ್ರ್ಯಾಕ್ಟರ್ ಟ್ಯೂಬಿನ ತುಂಡು. ‘ಏನ್ ಮಾಡೂದ್ರಿ ಸರ, ಕೇಳಿ ಕೇಳಿ ಸಾಕಾತು. ಕೈಯಾಗ ಏನ್ ಸಿಗ್ತದ ಅದನ್ನೇ ಹಾಕೂದು’ ಎಂದರು ಅವರು. ಆ ವಾರ ಅದೇ ಓಣಿಯ ನಾಲ್ಕು ಮನೆಗಳಲ್ಲಿ ಮಕ್ಕಳಿಗೆ ವಾಂತಿ-ಭೇದಿಯಾಗಿತ್ತು. ಆ ಫ್ಲಾಂಜೇ ಕಾರಣ ಎಂದು ನಾವು ಪ್ರಮಾಣ ಮಾಡಿ ಹೇಳಲಾರೆವು. ಆದರೆ ಆ ಗುಂಡಿಯನ್ನು ಕಂಡ ಮೇಲೆ ಆ ಊರಿನಲ್ಲಿ ಕಾಯಿಸದ ನೀರು ಕುಡಿಯಲು ನಮಗೆ ಮನಸ್ಸಾಗಲಿಲ್ಲ.

ಫ್ಲಾಂಜು ಹೊಸ ವಸ್ತುವೇನಲ್ಲ. 1664ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಆಜ್ಞೆಯಂತೆ ವರ್ಸೈ ಅರಮನೆಗೆ ನೀರು ತರಲು ಬೀಡು ಕಬ್ಬಿಣದ ಕೊಳವೆಗಳನ್ನು ಹಾಕಿದಾಗ ಅವುಗಳನ್ನು ಹೀಗೆಯೇ ಅಂಚಿಗೆ ಅಂಚು ಇಟ್ಟು ಬೋಲ್ಟಿನಿಂದ ಬಿಗಿದಿದ್ದರು. ಆಗ ರಬ್ಬರ್ ಇರಲಿಲ್ಲ. ಸೀಸ ಅಥವಾ ಚರ್ಮವೇ ಪ್ಯಾಕಿಂಗ್. ಆ ಕೊಳವೆಗಳು ಮುನ್ನೂರು ವರ್ಷಕ್ಕೂ ಮೇಲೆ ನೀರು ಹರಿಸಿದವು ಎಂದರೆ ಆಶ್ಚರ್ಯವಾಗುತ್ತದೆ. ಆದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಉದ್ದನೆಯ ಕೊಳವೆಗೆ ಇಂಥ ಬಿಗಿ ಜೋಡಣೆ ತೊಂದರೆ ಕೊಡುತ್ತಿತ್ತು. 1785ರಲ್ಲಿ ಲಂಡನ್ನಿನ ಚೆಲ್ಸಿ ನೀರಿನ ಕಂಪನಿಯ ಎಂಜಿನಿಯರ್ ಥಾಮಸ್ ಸಿಂಪ್ಸನ್ ಒಂದು ಪೈಪಿನ ಅಗಲ ಬಾಯಿಯೊಳಗೆ ಇನ್ನೊಂದರ ತುದಿಯನ್ನು ತೂರಿಸುವ ಸಾಕೆಟ್ ಜೋಡಣೆಯನ್ನು ಬಳಕೆಗೆ ತಂದರು. ಇಂದು ನೆಲದೊಳಗೆ ಹೂಳುವ ಕಬ್ಬಿಣದ ಪೈಪುಗಳೆಲ್ಲ ಹೆಚ್ಚಾಗಿ ಈ ಸಾಕೆಟ್ ಜಾತಿಯವೇ, ಒಳಗೊಂದು ರಬ್ಬರ್ ಬಳೆ ಇರುತ್ತದೆ.

ಈ ಎರಡರ ವ್ಯತ್ಯಾಸ ನಮ್ಮ ಎರೆ ಭೂಮಿಯವರಿಗೆ ಬಹಳ ಮುಖ್ಯ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರೊಳಗಿನ ಕೊಳವೆ ಪ್ರತಿ ವರ್ಷವೂ ಏಳುತ್ತದೆ, ಇಳಿಯುತ್ತದೆ. ರಬ್ಬರ್ ಬಳೆಯ ಜೋಡಣೆ ತುಸು ಬಾಗಿ ಸಹಿಸಿಕೊಳ್ಳುತ್ತದೆ. ಫ್ಲಾಂಜು ಬಾಗುವುದಿಲ್ಲ. ಮಣ್ಣಿನಲ್ಲಿ ನೇರವಾಗಿ ಹೂತ ಫ್ಲಾಂಜಿನ ಪ್ಯಾಕಿಂಗ್ ಒಂದು ಕಡೆ ಬಾಯಿ ಬಿಡುತ್ತದೆ, ಇಲ್ಲವೇ ಬೀಡಿನ ಅಂಚೇ ಸೀಳುತ್ತದೆ. ಆದ್ದರಿಂದ ಅದರ ಜಾಗ ನೆಲದ ಮೇಲೆ ಅಥವಾ ಕಟ್ಟಿದ ಗುಂಡಿಯೊಳಗೆ: ಪಂಪ್‌ಮನೆ, ವಾಲ್ವ್ ಗುಂಡಿ, ಟ್ಯಾಂಕಿಗೆ ಏರುವ ಪೈಪು.

ಹಾಗಾದರೆ ಫ್ಲಾಂಜು ಏಕೆ ಬೇಕು ಎಂದು ಕೇಳಬಹುದು. ಎರಡು ಗುಣಗಳಿಗಾಗಿ. ಒಂದು, ಬಿಚ್ಚಬಹುದು, ವಾಲ್ವ್ ಕೆಟ್ಟರೆ ಕೊಳವೆ ಕತ್ತರಿಸಬೇಕಿಲ್ಲ. ಎರಡು, ಕಿತ್ತು ಬರುವುದಿಲ್ಲ. 100 ಮಿಲಿಮೀಟರ್ ಅಂದರೆ ನಾಲ್ಕಿಂಚಿನ ಪೈಪಿನಲ್ಲಿ 60 ಮೀಟರ್ ಎತ್ತರದ ನೀರಿನ ಒತ್ತಡವಿದ್ದರೆ, ಬೆಂಡಿನ ಬಳಿ ಪೈಪನ್ನು ಹೊರಗೆ ತಳ್ಳುವ ಬಲ ಸುಮಾರು 470 ಕಿಲೋ. ಐದು ಚೀಲ ಜೋಳದ ಭಾರ ಎಂದುಕೊಳ್ಳಿ. ಸಾಕೆಟ್ ಜೋಡಣೆಯಾದರೆ ಬೆಂಡಿನ ಹಿಂದೆ ಕಾಂಕ್ರೀಟಿನ ಒತ್ತು ಕೊಡದಿದ್ದರೆ ಕಳಚಿಕೊಳ್ಳುತ್ತದೆ. ಫ್ಲಾಂಜಿನ ಬೋಲ್ಟುಗಳು ಆ ಭಾರವನ್ನು ತಾವೇ ಹಿಡಿಯುತ್ತವೆ. ಎಂಟಕ್ಕೆ ಐದೇ ಬೋಲ್ಟು ಹಾಕುವವರು ಇದನ್ನು ಗಮನಿಸಬೇಕು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ಈ ಭಾಗದ ಹಿರಿಯರು ಮರೆತಿಲ್ಲ. ಕಿಲಾರಿಯ ಭೂಕಂಪ ಔಸಾ, ಉಮರಗಾ ತಾಲೂಕುಗಳ ಊರೂರನ್ನೇ ನೆಲಸಮ ಮಾಡಿತು. ಆ ನಂತರ ಬೇರೆ ಜಾಗದಲ್ಲಿ ಕಟ್ಟಿದ 52 ಊರುಗಳಿಗೆ ಮನೆಗಳ ಜೊತೆ ಟ್ಯಾಂಕು, ಕೊಳವೆ, ನಲ್ಲಿಗಳೂ ಬಂದವು. ಆಗ ಹಾಕಿದ ಪ್ಯಾಕಿಂಗನ್ನು ಎಲ್ಲಿ ಬದಲಿಸಿಲ್ಲವೋ ಅಲ್ಲಿ ಅದರ ವಯಸ್ಸು ಮೂವತ್ತು ದಾಟಿದೆ. ರಬ್ಬರಿಗೂ ಮುಪ್ಪು ಬರುತ್ತದೆ. ಉಗುರಿನಿಂದ ಒತ್ತಿದರೆ ಗಟ್ಟಿಯಾಗಿ, ಮಡಚಿದರೆ ಬಿರುಕು ಬಿಡುವುದಾದರೆ ಅದರ ಕೆಲಸ ಮುಗಿಯಿತು.

ಈಗ ಜೋಡಿಸುವ ಬಗೆ. ಮೊದಲು ಎರಡೂ ಮುಖಗಳ ತುಕ್ಕು, ಹಳೆಯ ರಬ್ಬರ್ ತುಣುಕುಗಳನ್ನು ಕೆರೆದು ತೆಗೆಯಬೇಕು. ಎರಡು ಫ್ಲಾಂಜುಗಳು ಕೈಯಿಂದ ಇಟ್ಟಾಗಲೇ ಸಮವಾಗಿ ಕೂರಬೇಕು. ಓರೆಯಾಗಿರುವ ಪೈಪನ್ನು ಬೋಲ್ಟಿನಿಂದ ಎಳೆದು ಸರಿಮಾಡುತ್ತೇವೆ ಎನ್ನುವುದು ನಮ್ಮಲ್ಲಿ ಬಹಳ ಕಡೆ ಕಾಣುವ ತಪ್ಪು. ಆ ಎಳೆತ ಅಲ್ಲೇ ಉಳಿದು ಒಂದು ದಿನ ಅಂಚನ್ನು ಮುರಿಯುತ್ತದೆ. ವಾಲ್ವಿನ ಭಾರ ಪೈಪಿನ ಮೇಲೆ ಬೀಳದಂತೆ ಕೆಳಗೊಂದು ಗಟ್ಟಿ ಆಧಾರ ಕಟ್ಟಬೇಕು. ಪ್ಯಾಕಿಂಗ್ ಸಾಮಾನ್ಯವಾಗಿ 3 ಮಿಲಿಮೀಟರ್ ದಪ್ಪದ ಇನ್ಸರ್ಷನ್ ರಬ್ಬರ್ ಹಾಳೆಯದು. ಒಳತೂತು ಪೈಪಿನ ತೂತಿಗಿಂತ ಚಿಕ್ಕದಾಗಬಾರದು, ಹಾಗಾದರೆ ನೀರಿನ ದಾರಿಗೆ ಅಡ್ಡ ನಿಲ್ಲುತ್ತದೆ.

ಬೋಲ್ಟುಗಳನ್ನು ಸುತ್ತಿನಲ್ಲಿ ಒಂದಾದ ಮೇಲೊಂದರಂತೆ ಬಿಗಿಯಬಾರದು. ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದು, ಆಮೇಲೆ ಅಡ್ಡಕ್ಕಿರುವುದು. ಎತ್ತಿನ ಗಾಡಿಯ ಗಾಲಿಗೆ ಹಳಿ ಕೂರಿಸುವ ಬಡಿಗರು ಇದನ್ನು ಒಮ್ಮೆಗೇ ಒಪ್ಪಿಯಾರು. ಮೊದಲ ಸುತ್ತು ಕೈಯಿಂದ, ಎರಡನೆಯದು ಪಾನಾದಿಂದ ಅರ್ಧ, ಮೂರನೆಯದು ಪೂರ್ತಿ. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಹಾಕುವ ಶೂರತನ ಬೇಡ. ಹಳೆಯ ಬೀಡಿನ ಫ್ಲಾಂಜು ಮೊದಲೇ ಹೇಳದೆ ಟಪ್ಪೆಂದು ಒಡೆಯುತ್ತದೆ. ಮರುದಿನ ಮತ್ತೊಮ್ಮೆ ಬಿಗಿತ ನೋಡಲೇಬೇಕು, ಏಕೆಂದರೆ ರಬ್ಬರ್ ಒಂದು ರಾತ್ರಿಯಲ್ಲಿ ತುಸು ಕೂರುತ್ತದೆ. ಕಪ್ಪು ಎಚ್.ಡಿ.ಪಿ.ಇ. ಪೈಪಿನ ತುದಿಗೆ ಬಿಡಿ ಉಂಗುರದಂತೆ ಹಾಕುವ ಫ್ಲಾಂಜಿನಲ್ಲಿ ಪ್ಲಾಸ್ಟಿಕ್ಕೂ ಕೂರುವುದರಿಂದ ಅಲ್ಲಿ ಮರುಬಿಗಿತ ಇನ್ನೂ ಅಗತ್ಯ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಲ್ಲಿ ಇಂಥ ಪೈಪುಗಳು ಅನೇಕ ಹಳ್ಳಿಗಳಿಗೆ ಬಂದಿವೆ.

ಇನ್ನೊಂದು ಎಚ್ಚರಿಕೆ ಪೇಟೆಗೆ ಹೋಗುವವರಿಗೆ. ‘ನಾಲ್ಕಿಂಚಿನ ಫ್ಲಾಂಜು ಕೊಡಿ’ ಎಂದರೆ ಸಾಲದು. ನಮ್ಮ ದೇಶದ ಮಾನಕದ ನಾಲ್ಕಿಂಚಿನದಕ್ಕೆ ಎಂಟು ತೂತು, ತೂತುಗಳ ನಡುಗೆರೆಯ ಅಡ್ಡಳತೆ 180 ಮಿಲಿಮೀಟರ್. ಹಳೆಯ ಬ್ರಿಟಿಷ್ ಪಟ್ಟಿಯದಾದರೆ 7 ಇಂಚು, ಅಂದರೆ ಸುಮಾರು 178. ಅದರಲ್ಲೂ ಒಂದು ಬಗೆಗೆ ನಾಲ್ಕೇ ತೂತು. ಅಮೆರಿಕದ ಮಾನಕದ್ದು ಏಳೂವರೆ ಇಂಚು. ಮೂರೂ ನಾಲ್ಕಿಂಚಿನವೇ! ಒಂದಕ್ಕೊಂದು ಕೂರದಿದ್ದಾಗ ತೂತನ್ನು ಗ್ಯಾಸಿನಿಂದ ಸುಟ್ಟು ದೊಡ್ಡದು ಮಾಡುತ್ತಾರೆ, ಅಲ್ಲಿಂದಲೇ ಸೋರಿಕೆ ಶುರು. ಹಳೆಯ ಪ್ಯಾಕಿಂಗನ್ನು ಅಥವಾ ರಟ್ಟಿನ ಮೇಲೆ ತೂತುಗಳ ಗುರುತು ಹಾಕಿಕೊಂಡು ಅಂಗಡಿಗೆ ಒಯ್ಯುವುದು ಲೇಸು. ಅಂದಹಾಗೆ, ನಮ್ಮ ಗಡಿನಾಡಿನಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿಯಾದರೂ ಪಾನಾ, ನಟ್ಟು, ಬೋಲ್ಟು, ಬೀಡು ಎಂದರೆ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ.

ಸೋರಿಕೆಯ ಲೆಕ್ಕವನ್ನೂ ಹೇಳಿಬಿಡುತ್ತೇವೆ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತಂದದ್ದು ಎಲ್ಲರಿಗೂ ನೆನಪಿದೆ. ಮೊದಲ ಗಾಡಿಯಲ್ಲಿ 10 ವ್ಯಾಗನ್, ಒಂದೊಂದರಲ್ಲಿ ಸುಮಾರು 50,000 ಲೀಟರ್. ಒಂದು ಫ್ಲಾಂಜಿನಿಂದ ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಸೋರುತ್ತಿದೆ ಎಂದುಕೊಳ್ಳಿ. ಯಾವಾಗಲೂ ನೀರು ತುಂಬಿರುವ ಟ್ಯಾಂಕಿನ ಬುಡದ ಜೋಡಣೆಯಾದರೆ ದಿನಕ್ಕೆ 288 ಲೀಟರ್, ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು. ಆ ರೈಲಿನ ಎರಡು ವ್ಯಾಗನ್ ನೀರು ಒಂದೇ ಪ್ಯಾಕಿಂಗಿನ ಸಂದಿನಿಂದ ಹೋಯಿತು.

ಕೊಳಚೆ ನೀರಿನ ಪಂಪ್‌ಮನೆಗಳಲ್ಲಿಯೂ ಇವೇ ಫ್ಲಾಂಜುಗಳಿವೆ. ಅಲ್ಲಿಯ ಗಾಳಿಗೆ ಕಬ್ಬಿಣದ ಬೋಲ್ಟು ಬೇಗ ಸವೆಯುವುದರಿಂದ ಸತು ಲೇಪಿಸಿದ ಇಲ್ಲವೇ ಸ್ಟೀಲಿನ ಬೋಲ್ಟು ಹಾಕಬೇಕು. ಅಂಥ ಗುಂಡಿಯೊಳಗೆ ಮಾತ್ರ ಯಾರನ್ನೂ ಸುಮ್ಮನೆ ಇಳಿಸಬಾರದು. ಅಲ್ಲಿ ಕೂಡುವ ವಿಷಗಾಳಿ ಎರಡು ಉಸಿರಿನಲ್ಲಿ ಆಳನ್ನು ಕೆಡವುತ್ತದೆ, ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧವೂ ಹೌದು. ಕುಡಿಯುವ ನೀರಿನ ಕೊಳವೆ ಗಟಾರದಿಂದ ಕನಿಷ್ಠ 3 ಮೀಟರ್ ದೂರವಿರಬೇಕೆಂದು ಸರ್ಕಾರಿ ಕೈಪಿಡಿ ಹೇಳುತ್ತದೆ. ದಾಟಲೇಬೇಕಾದರೆ ಗಟಾರದ ಮೇಲಿನಿಂದ, ಒಂದು ಇಡೀ ಪೈಪಿನ ನಡುಭಾಗ ಬರುವಂತೆ ದಾಟಿಸಬೇಕು. ಜೋಡಣೆಗಳೆರಡೂ ಆದಷ್ಟು ದೂರ ಉಳಿಯಲಿ.

ನೀರು ನಿಲ್ಲದೆ ಹರಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಪರೀಕ್ಷಿಸಿದ್ದಾರೆ. ಅಲ್ಲಿಯ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಸಂಶೋಧಕರು ಎರಡೂ ಬಗೆಯ ಬಡಾವಣೆಗಳ ನಲ್ಲಿ ನೀರನ್ನು ಹೋಲಿಸಿದಾಗ, ಸರದಿಯ ನೀರಿನಲ್ಲಿ ಮಲದ ರೋಗಾಣುಗಳ ಗುರುತು ಬಹಳ ಹೆಚ್ಚು ಕಂಡುಬಂತು. ಚಿಕ್ಕ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ನಿರಂತರ ನೀರಿನ ಮನೆಗಳಲ್ಲಿ ಟೈಫಾಯ್ಡ್ ಕಡಿಮೆಯಿತ್ತು. ನಮ್ಮ ಹಳ್ಳಿಗಳಿಗೆ ಅಂಥ ಭಾಗ್ಯ ಬರುವ ತನಕ ಜೋಡಣೆಗಳನ್ನು ಬಿಗಿಯಾಗಿಡುವುದು, ಗುಂಡಿಗಳನ್ನು ಒಣಗಿಸಿಡುವುದು ನಮ್ಮ ಕೈಯಲ್ಲೇ ಇದೆ. ಕೊಳಕು ನೀರಿನಿಂದ ಬರುವ ಕಾಮಾಲೆಗಳಲ್ಲಿ ಹೆಪಟೈಟಿಸ್ ಇ ಎಂಬುದು ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಕ್ಕೇ ಎರವಾಗಬಲ್ಲದು. ಮನೆಯಲ್ಲಿ ಗರ್ಭಿಣಿ ಸೊಸೆಯೋ ಮಗಳೋ ಇದ್ದರೆ ನೀರನ್ನು ಕುದಿಸಿಯೇ ಕೊಡಿ. ಮಕ್ಕಳಿಗೆ ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಎರಡೂ ತಲೆಸವರಿದ ಅಳತೆ) ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತ ದವಾಖಾನೆಗೆ ಕರೆದೊಯ್ಯಿರಿ.

ಜೋಡಣೆ ರಿಪೇರಿಯಾದ ದಿನ ಟ್ಯಾಂಕಿಗೆ ಟಿ.ಸಿ.ಎಲ್. ಪುಡಿ ಸರಿಯಾಗಿ ಹಾಕಿಸಿ, ಮೊದಲು ಬಂದ ನೀರನ್ನು ಚೆಲ್ಲಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಾವು ಹೇಳಿದ ಆ ಊರಿನ ಹಿರಿಯರಿಗೆ ಓಣಿಯವರೇ ವಂತಿಗೆ ಕೂಡಿಸಿ ಎಂಟು ಬೋಲ್ಟು, ಒಂದು ಪ್ಯಾಕಿಂಗ್ ತಂದುಕೊಟ್ಟರು. ಮುಂದಿನ ಸಲ ಹೋದಾಗ ಗುಂಡಿ ಒಣಗಿತ್ತು. ಪಂಪ್‌ಮನೆಯ ಗೋಡೆಯ ಮೇಲೆ ಅವರು ಇದ್ದಲಿಯಿಂದ ಬರೆದಿದ್ದರು: ‘4 ಇಂಚು, 8 ತೂತು, 180’.